ಟೋಪಿಯವನ ಹೊಲ

"ಮುಟ್ಟಬೇಡಿ."

ರಿಪೇರಿಯವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಗಾಳಿಯಲ್ಲೇ ನಿಂತಿತು. ಅವಳು ಅವನ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು, ಉಗುರು ಊರುವಷ್ಟು ಬಿಗಿಯಾಗಿ.

ನೆಲಮಾಳಿಗೆಯ ಆ ಅಂಗಡಿಗೆ ದಿನವೂ ಎಷ್ಟೋ ಜನ ಬರುತ್ತಾರೆ. ಸತ್ತ ಮೊಬೈಲು, ನೀರು ಕುಡಿದ ಲ್ಯಾಪ್‌ಟಾಪು ತಂದು ಕೌಂಟರ್ ಮೇಲೆ ಕುಕ್ಕಿ, ಬೇಗ ನೋಡಪ್ಪಾ ಎನ್ನುತ್ತಾರೆ. ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಎದೆಗವಚಿಕೊಂಡು ಮೆಟ್ಟಿಲಿಳಿದು ಬಂದವರನ್ನು ಅವನು ಈವರೆಗೆ ಕಂಡಿರಲಿಲ್ಲ. ಬಂದವಳ ಕೂದಲು, ಹುಬ್ಬು, ತೋಳು ಎಲ್ಲದರ ಮೇಲೂ ಬಿಳಿ ಪುಡಿ. ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಅವಳ ಕೆಲಸ. ಅದು ಅಚ್ಚಿನ ಪ್ಲಾಸ್ಟರಿನ ಪುಡಿ. ಅತ್ತೆಯ ಫೋನು ಬಂದದ್ದೇ ತಡ, ಮುಖವನ್ನೂ ತೊಳೆಯದೆ ಮನೆಗೆ ಓಡಿ, ಅಲ್ಲಿಂದ ಇಲ್ಲಿಗೆ ಓಡಿ ಬಂದಿದ್ದಳು.

"ಬಿಚ್ಚದೆ ಹೇಗೆ ನೋಡ್ಲಿ?" ಅವನು ಕೇಳಿದ.

"ಒಳಗಿರೋದು ಉಳಿಯತ್ತೆ ಅಂತ ಮೊದ್ಲು ಹೇಳಿ. ಆಮೇಲೆ ಬಿಚ್ಚಿ."

ಇದೊಳ್ಳೆ ಕಥೆಯಾಯಿತಲ್ಲ... ಬಾಯಿ ತೆರೆಯುವುದಿಲ್ಲ, ಹಲ್ಲು ನೋಡಿ ಎಂದಂತಾಯಿತು! ಹಾಗಂತ ಮನಸ್ಸಿನಲ್ಲೇ ಗೊಣಗಿಕೊಂಡ. ಆದರೆ ಅವನು ಸ್ಕ್ರೂಡ್ರೈವರ್ ಕೆಳಗಿಡುವ ತನಕ ಅವಳು ಕೈ ಬಿಡಲಿಲ್ಲ. ಅವನು ಒಂದು ಸ್ಟೂಲು ಎಳೆದುಕೊಟ್ಟು, ಒಳಗೆ ಅಂಥದ್ದೇನಿದೆ ಎಂದು ಕೇಳಿದ.

ಒಂದು ಆಟ ಇದೆ ಎಂದಳು. ಹೊಲ ಮಾಡಿಕೊಂಡು ಹಳ್ಳಿಯಲ್ಲಿರುವ ಆಟ.

ಅವನು ನಗಲಿಲ್ಲ. ನಕ್ಕಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಟ ಅವಳ ಗಂಡನದು. ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ ಅವನದು. ಸಂಜೆ ಬಂದು ಕೈಕಾಲು ತೊಳೆದನೆಂದರೆ ಕಂಪ್ಯೂಟರಿನ ಮುಂದೆಯೇ ಬಿಡಾರ. ತೆರೆಯ ಮೇಲೆ ಟೋಪಿ ಹಾಕಿಕೊಂಡ ಪುಟ್ಟ ರೈತನೊಬ್ಬ ಅವನು ಹೇಳಿದಲ್ಲಿಗೆ ಹೋಗುತ್ತಿದ್ದ. ಕೆರೆ ಪಕ್ಕದಲ್ಲಿ ಮನೆ ಕಟ್ಟಿದ, ಬೇಲಿ ಹಾಕಿದ, ಕೋಳಿ ಸಾಕಿದ. ಎಲ್ಲಕ್ಕಿಂತ ದಪ್ಪಗಿದ್ದು ಸದಾ ಗೊಣಗುವ ಕೋಳಿಗೆ 'ಅಮ್ಮ' ಎಂದು ಹೆಸರಿಟ್ಟಿದ್ದ. ಅವನ ತಾಯಿ ಅದಕ್ಕೆ ಸಿಟ್ಟಾಗಿ ಮಾತು ಬಿಟ್ಟಿದ್ದಳು, ಊಟದ ಹೊತ್ತಿನ ತನಕ.

ಆ ಆಟದಲ್ಲಿ ರೈತನನ್ನು ಅವನ ಮಂಚದ ಮೇಲೆ ಮಲಗಿಸಿದರೆ ಮಾತ್ರ ಅವತ್ತು ಮಾಡಿದ್ದೆಲ್ಲ ಸೇವ್ ಆಗಿ ಮರುದಿನ ಬೆಳಗಾಗುತ್ತದೆ. ಒಂದು ಸಂಜೆ ಗಂಡ ಹೊಲದ ತುಂಬ ಬೀಜ ಬಿತ್ತಿ, ಟೋಪಿಯವನನ್ನು ಮಲಗಿಸಿ, ಹಾಲು ತರುತ್ತೇನೆಂದು ಬೈಕ್ ತೆಗೆದ. ತಿರುವಿನಲ್ಲಿ ಲಾರಿ ಬಂತು. ಹಾಲೂ ಬರಲಿಲ್ಲ, ಅವನೂ ಬರಲಿಲ್ಲ.

ಅಂದಿನಿಂದ ಅತ್ತೆ ಸೊಸೆ ಇಬ್ಬರೂ ದಿನಾ ಸಂಜೆ ಆ ಆಟ ಹಚ್ಚುತ್ತಾರೆ. ಟೋಪಿಯವನು ಮಂಚದಿಂದ ಏಳುತ್ತಾನೆ. ಸೊಸೆ ಅವನನ್ನು ಕೆರೆಯ ಸುತ್ತ ಒಂದು ಸುತ್ತು ನಡೆಸುತ್ತಾಳೆ, ಅತ್ತೆ ಕೋಳಿಯನ್ನು ಬೈಯುತ್ತಾಳೆ. ಆಮೇಲೆ ಮಲಗಿಸದೆಯೇ ಮುಚ್ಚಿಬಿಡುತ್ತಾರೆ. ಮಲಗಿಸಿದರೆ ಮರುದಿನವಾಗಿಬಿಡುತ್ತದಲ್ಲ! ಅವನು ಬಿಟ್ಟುಹೋದ ಆ ಬೆಳಗನ್ನು ದಾಟಿ ಮುಂದೆ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹಾಗಾಗಿ ಆ ಹೊಲದಲ್ಲಿ ಯಾವಾಗಲೂ ಅದೇ ಬೆಳಗು. ಬೀಜ ಮಣ್ಣಿನೊಳಗಿದೆ, ಮೊಳಕೆ ಬಂದಿಲ್ಲ.

ಇವತ್ತು ಮಧ್ಯಾಹ್ನ ಆ ಡಬ್ಬ ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಗಿತ್ತು.

"ಬ್ಯಾಕಪ್ ಇದೆ," ಎಂದು ಅವಳು ಪೆನ್ ಡ್ರೈವ್ ಕೊಟ್ಟಳು. ತಾನೂ ಏನೂ ತಿಳಿಯದವಳಲ್ಲ ಎಂಬ ಸಣ್ಣ ಜಂಬ ಆ ಗಾಬರಿಯಲ್ಲೂ ಇತ್ತು.

ಅವನು ಅದನ್ನು ತನ್ನ ಮೆಷಿನಿಗೆ ಚುಚ್ಚಿದ. ಒಳಗೆ ಟೋಪಿಯ ಚಿತ್ರದ ಒಂದು ಐಕಾನ್, ಅಷ್ಟೇ.

"ಇದು ಮನೆಯಲ್ಲ ಮೇಡಂ, ಮನೆಗೆ ಹೋಗೋ ದಾರಿ ತೋರಿಸೋ ಫಲಕ. ಆಟ ಸೇವ್ ಆಗೋ ಫೋಲ್ಡರೇ ಬೇರೆ. ಕಣ್ಣಿಗೆ ಕಾಣದ ಹಾಗೆ ಒಳಗೆಲ್ಲೋ ಇಟ್ಟಿರ್ತಾರೆ."

ಅವಳ ಮುಖದ ಬಿಳಿ ಪುಡಿಯ ಕೆಳಗೆ ಇದ್ದ ಬಣ್ಣವೂ ಹೋಯಿತು. ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಒಂದು ಫಲಕವನ್ನೇ...

"ಉಳಿಯತ್ತೆ ಅಂತ ಹೇಳೋಕಾಗಲ್ಲ," ಅವನು ಮೆಲ್ಲಗೆ ಅಂದ. "ಉಳಿಸೋಕೆ ನೋಡ್ತೀನಿ."

ಅವಳು ಡಬ್ಬವನ್ನು ಅವನತ್ತ ಸರಿಸಿದಳು. ಅವನ ಮಣಿಕಟ್ಟಿನ ಮೇಲೆ ಉಗುರಿನ ಗುರುತು ಇನ್ನೂ ಇತ್ತು.

ಉಳಿಸಿದ. ಸಾಯುತ್ತಿದ್ದ ಆ ಹಾರ್ಡ್ ಡಿಸ್ಕನ್ನು ತಣ್ಣಗಿರಿಸಿ, ನಿಲ್ಲಿಸಿ, ಮತ್ತೆ ಓಡಿಸಿ, ಕೊನೆಗೊಮ್ಮೆ ಟೋಪಿಯವನ ಫೈಲನ್ನು ಈಚೆಗೆ ಎಳೆದ. ಅದಾದ ಮೇಲೆ ಡಿಸ್ಕಿನ ಆ ಭಾಗ ಮತ್ತೆ ಓದಲು ಬರಲಿಲ್ಲ. ಹೊಸ ಡಿಸ್ಕು ಹಾಕಿ, ಡಬ್ಬವನ್ನು ಮೂರನೇ ಮಹಡಿಯ ಅವರ ಮನೆಗೆ ತಾನೇ ಹೊತ್ತು ತಂದ. ತೆರೆಯ ಮೇಲೆ ಕೆರೆ ಮೂಡಿದಾಗ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆ ಮಾತ್ರ ಗಟ್ಟಿಗಿತ್ತಿ. ಆ ಕೊಬ್ಬಿದ ಕೋಳಿಯೂ ಬದುಕಿ ಬಂತಾ, ಅದೊಂದು ಹೋಗಿದ್ದರೆ ಚೆನ್ನಾಗಿತ್ತು ಎಂದು ಮೂಗು ಒರೆಸಿಕೊಂಡಳು.

ಫೋಲ್ಡರು ಎಲ್ಲಿ ಅಡಗಿರುತ್ತದೆ, ಅದನ್ನು ಹೇಗೆ ತೆರೆಯಬೇಕು ಎಂದೆಲ್ಲ ಅವನು ಸೊಸೆಗೆ ತೋರಿಸಿಕೊಟ್ಟ. ಪ್ರತಿ ಒಂದೇ ಇದ್ದರೆ ಅದು ಇಲ್ಲದಂತೆಯೇ ಎಂದ. ಮೆಷಿನಿನಲ್ಲಿ ಒಂದು, ಪೆನ್ ಡ್ರೈವಿನಲ್ಲಿ ಒಂದು, ಮನೆಯ ಆಚೆ ಒಂದು ಇರಬೇಕು. ಮನೆಯ ಆಚೆ ತನಗೆ ಯಾರೂ ಇಲ್ಲ, ನೀವೇ ಇಟ್ಟುಕೊಳ್ಳಿ ಎಂದಳು ಅವಳು.

ಅವಳು ಅದನ್ನು ಬಹಳ ಸರಳವಾಗಿ ಹೇಳಿದಳು. ಅವನಿಗೆ ಅದು ಸರಳವಾಗಿ ಕೇಳಿಸಲಿಲ್ಲ.

ಇಲ್ಲೇ ಅವನು ತಪ್ಪಿದ. ನೋಡಿ, ಎಂದೂ ಬದಲಾಗದ ಫೈಲು ಅದು. ಒಂದು ಪ್ರತಿ ಮಾಡಿ ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದರೆ ಮುಗಿದಿತ್ತು. ಗಿರಾಕಿಗಳಿಗೆಲ್ಲ ಅವನು ಹೇಳುತ್ತಿದ್ದುದೂ ಅದನ್ನೇ. ಆದರೆ ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಮನೆಯ ಮೆಷಿನು, ಅದಕ್ಕೆ ಚುಚ್ಚಿದ ಪೆನ್ ಡ್ರೈವು, ತನ್ನ ಅಂಗಡಿಯ ಮೆಷಿನು, ಈ ಮೂರನ್ನೂ ಅವನು ಇಂಟರ್‌ನೆಟ್ಟಿನ ಮೂಲಕ ಒಂದಕ್ಕೊಂದು ಜೋಡಿಸಿದ. ಒಂದರಲ್ಲಿ ಏನಾದರೂ ಆದರೆ ಉಳಿದೆರಡರಲ್ಲೂ ತಾನಾಗಿಯೇ ಹಾಗೇ ಆಗುತ್ತದೆ. ನಿಮಗೆ ನೆನಪಿಟ್ಟುಕೊಳ್ಳುವ ತಾಪತ್ರಯ ಬೇಡ ಎಂದು ಅವಳಿಗೆ ಕಾರಣ ಹೇಳಿದ.

ನಿಜವಾದ ಕಾರಣ ಬೇರೆ. ಅವಳ ಮನೆಯ ಮೆಷಿನು ಹೊತ್ತಿಕೊಂಡರೆ ಅವನ ತೆರೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಮೂಡುತ್ತಿತ್ತು. ಸಂಜೆ ಆ ಚುಕ್ಕೆ ಕಂಡರೆ, ಅವಳು ಕ್ಷೇಮವಾಗಿ ಮನೆ ಸೇರಿದ್ದಾಳೆ, ಕುರ್ಚಿಯಲ್ಲಿ ಕೂತಿದ್ದಾಳೆ ಎಂದು ಅವನಿಗೆ ತಿಳಿಯುತ್ತಿತ್ತು. ಅದಕ್ಕಾಗಿ ಕೈಯಲ್ಲಿದ್ದ ಕೆಲಸ ಬಿಟ್ಟು ಕಾಯುತ್ತಿದ್ದ. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಇವನ ಪ್ರೀತಿಗೆ ತಲೆಯೂ ಇರಲಿಲ್ಲ.

ವಾರಕ್ಕೊಮ್ಮೆ ಏನೋ ನೆಪ ತೆಗೆದು ಬರತೊಡಗಿದ. ಫ್ಯಾನಿನ ಧೂಳು ತೆಗೆಯಬೇಕು, ವೈರು ಸಡಿಲವಿದೆ, ಹೀಗೆ ಏನಾದರೊಂದು. ಅತ್ತೆ ಅವನಿಗೆ 'ಸ್ಕ್ರೂ' ಎಂದು ಹೆಸರಿಟ್ಟಳು. ಮದುವೆ ಯಾಕಾಗಿಲ್ಲವೋ ಸ್ಕ್ರೂ, ಎಲ್ಲಾದರೂ ಲೂಸಾಗಿದೆಯಾ ಎಂದು ಸೊಸೆಯ ಎದುರೇ ಕೇಳಿ ಅವನ ಕಿವಿ ಕೆಂಪಾಗಿಸಿದಳು. ಸೊಸೆ ನಕ್ಕಳು. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಅವಳ ನಗು ಕೇಳಿ, ಅತ್ತೆ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತಳು.

ಆ ನಗುವಿಗೆ ಸೊಸೆಯೇ ಹೆದರಿದಳು. 'ನಾನು ನಗ್ತಾ ಇದೀನಲ್ಲ... ಅವರಿಲ್ಲ, ನಾನು ನಗ್ತಾ ಇದೀನಿ...' ಆ ಸಂಜೆ ಟೋಪಿಯವನನ್ನು ಕೆರೆಯ ಸುತ್ತ ಒಂದು ಸುತ್ತು ಹೆಚ್ಚಿಗೆ ನಡೆಸಿದಳು, ತಪ್ಪು ಮಾಡಿದವಳ ಹಾಗೆ.

ಹೇಳದೆ ಇರಲಾರದೆ ಅವನು ಒಂದು ಸಂಜೆ ಮೆಟ್ಟಿಲಿನ ಹತ್ತಿರ ನಿಂತು ಹೇಳಿಯೇಬಿಟ್ಟ. ಅವನಿಗೆ ದೊಡ್ಡ ಮಾತು ಬರುವುದಿಲ್ಲ. ಇಬ್ಬರನ್ನೂ ನೋಡಿಕೊಳ್ಳುತ್ತೇನೆ, ಅತ್ತೆಯನ್ನು ಬಿಟ್ಟು ಬನ್ನಿ ಅನ್ನುವುದಿಲ್ಲ ಎಂದ.

ಅವಳು ಕಂಬಿ ಹಿಡಿದುಕೊಂಡಳು. ಬೇಕು ಅನ್ನಿಸಿತು. ಅಷ್ಟು ಜೋರಾಗಿ ಬೇಕು ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

"ದಿನಾ ಸಂಜೆ ಅವರು ಎದ್ದು ನಿಂತು ನನಗೆ ಕಾಯ್ತಿರ್ತಾರೆ," ಅಂದಳು. "ಅವರನ್ನ ಅಲ್ಲಿ ನಿಲ್ಲಿಸಿಬಿಟ್ಟು ನಾನು ಹೇಗೆ ಬರ್ಲಿ? ಆ ಹೊಲ ಇರೋ ತನಕ ನನ್ನ ಕೇಳಬೇಡಿ."

ಬಾಗಿಲ ಹಿಂದೆ ನಿಂತಿದ್ದ ಅತ್ತೆಗೆ ಇದೆಲ್ಲ ಕೇಳಿಸಿತು.

ಮರುವಾರ ಲ್ಯಾಬಿನಿಂದ ಬಂದು ಅವಳು ಆಟ ಹಚ್ಚಿದಾಗ, ಟೋಪಿಯವನ ಹೆಸರಿದ್ದ ಜಾಗ ಖಾಲಿಯಿತ್ತು.

ಸರಿಯಾಗಿ ತೆರೆದುಕೊಂಡಿಲ್ಲವೇನೋ ಎಂದು ಮುಚ್ಚಿ ಮತ್ತೆ ತೆರೆದಳು. ಖಾಲಿ. ಪೆನ್ ಡ್ರೈವ್ ನೋಡಿದಳು. ಅದೂ ಖಾಲಿ. ಹೊಸ ಆಟ ಶುರುಮಾಡಿದರೆ ಹಿಂದೆಯೇ ಹಳೆಯದೂ ಬರಬಹುದೆಂಬ ಹುಚ್ಚು ಆಸೆಯಿಂದ ಹೊಸದಾಗಿ ಶುರುಮಾಡಿದಳು. ಯಾರೋ ಗುರುತಿಲ್ಲದ ರೈತ, ಟೋಪಿಯಿಲ್ಲದವನು, ಕಲ್ಲುಮುಳ್ಳಿನ ಬಯಲಲ್ಲಿ ಬಂದು ನಿಂತ. ಮತ್ತೆ ಮತ್ತೆ ಶುರುಮಾಡಿದಳು. ಮತ್ತೆ ಮತ್ತೆ ಅವನೇ ಬಂದ. ಹೀಗೆ ಹೊಸದನ್ನು ಬರೆಯುತ್ತ ಹೋದರೆ, ಅಳಿಸಿಹೋದದ್ದರ ಮೇಲೆಯೇ ಅದು ಕೂತು ಹಳೆಯದರ ಗುರುತೂ ಉಳಿಯುವುದಿಲ್ಲ ಎಂದು ಪಾಪ ಅವಳಿಗೇನು ಗೊತ್ತು!

'ಮೂರನೆಯದು ಇದೆ. ಅವರ ಹತ್ರ ಇದೆ.' ಚಪ್ಪಲಿಯನ್ನೂ ಹಾಕದೆ ಓಡಿದಳು.

ಅಂಗಡಿಯಲ್ಲಿ ರಿಪೇರಿಯವನು ಬೆಳ್ಳಗೆ ಬಿಳಿಚಿಕೊಂಡು ಕೂತಿದ್ದ. ಅವನ ಮೆಷಿನಿನಲ್ಲೂ ಇರಲಿಲ್ಲ. ಮನೆಯಲ್ಲಿ ಹೋದದ್ದು ಪೆನ್ ಡ್ರೈವಿನಿಂದಲೂ ಹೋಗಿತ್ತು, ಅಲ್ಲಿಂದ ಹೋದದ್ದು ಇಲ್ಲಿಂದಲೂ ಹೋಗಿತ್ತು. ಅವನೇ ಹಾಕಿಕೊಟ್ಟ ಜೋಡಣೆ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಅಂಗಡಿಯ ಮೆಷಿನಿನಲ್ಲಿದ್ದುದು ಹೊಸ ಬಗೆಯ ಡಿಸ್ಕು; ಅಳಿಸಿದ್ದನ್ನು ಅದು ತಾನೇ ಗುಡಿಸಿ ಒರೆಸಿಬಿಡುತ್ತದೆ.

ಜೋಡಣೆ ಬರೆದಿಟ್ಟ ಪಟ್ಟಿಯಲ್ಲಿ ಇನ್ನೊಂದು ಸಂಗತಿಯೂ ಅವನ ಕಣ್ಣಿಗೆ ಬಿದ್ದಿತ್ತು. ಡಿಲೀಟ್ ಆದದ್ದು ಮನೆಯ ಮೆಷಿನಿನಿಂದ, ಮಧ್ಯಾಹ್ನ. 'ಖಂಡಿತವಾಗಿ ಅಳಿಸಬೇಕೇ' ಎಂದು ಆಟ ಕೇಳಿದ್ದಕ್ಕೆ ಯಾರೋ ಹೌದು ಎಂದು ಒತ್ತಿದ್ದರು. ಆ ಹೊತ್ತಿಗೆ ಸೊಸೆ ಲ್ಯಾಬಿನಲ್ಲಿರುತ್ತಾಳೆ. ಮನೆಯಲ್ಲಿ ಇರುವುದು ಒಬ್ಬರೇ.

"ನೀವು ಇಲ್ಲಿಂದಾನೇ ನಮ್ಮ ಮೆಷಿನ್‌ಗೆ ಕೈ ಹಾಕಬಹುದಲ್ವಾ?" ಅವಳು ಕೇಳಿದಳು. ದನಿ ತಣ್ಣಗಿತ್ತು.

"ಹಾಕಬಹುದು."

"ಹೊಲ ಇರೋ ತನಕ ಕೇಳಬೇಡಿ ಅಂದಿದ್ದೆ. ಅದಕ್ಕೆ ಹೊಲಾನೇ ಇಲ್ಲದ ಹಾಗೆ ಮಾಡಿಬಿಟ್ರಾ?"

ಅವನು ಬಾಯಿ ತೆರೆದ. ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಆಡಿದರೆ, ಮಗ ಸತ್ತ ಆ ಮುದುಕಿಯ ಮುಖ ನೋಡುವವರು ಇನ್ನು ಯಾರೂ ಇರುವುದಿಲ್ಲ. ಈ ಹುಡುಗಿಗೂ ಮನೆಯಲ್ಲಿ ಯಾರೂ ಉಳಿಯುವುದಿಲ್ಲ.

"ನನ್ನಿಂದಲೇ ಹೋಯ್ತು," ಎಂದ.

ಅವಳು ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನೀವೂ ಆ ಲಾರಿಯವನೂ ಒಂದೇ ಎಂದಳು. ಮೆಟ್ಟಿಲು ಹತ್ತಿ ಹೋದಳು. ಆ ಮಾತು ಅವನ ಎದೆಗೆ ನಾಟಿ ಅಲ್ಲೇ ಉಳಿಯಿತು.

ಆಮೇಲಿನ ದಿನಗಳನ್ನು ಏನೆಂದು ಹೇಳುವುದು... ಮನೆಯಲ್ಲಿ ಮಾತಿಲ್ಲ. ಸಂಜೆಯಾದರೆ ಏನು ಮಾಡಬೇಕೆಂದು ಇಬ್ಬರು ಹೆಂಗಸರಿಗೂ ತಿಳಿಯುತ್ತಿರಲಿಲ್ಲ. ಸೊಸೆ ಆರಿದ ತೆರೆಯ ಎದುರೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಕಣ್ಣೀರೂ ಇಲ್ಲ, ಬಿಕ್ಕೂ ಇಲ್ಲ. ಲ್ಯಾಬಿನಲ್ಲಿ ಯಾರದೋ ಮೇಲಿನ ದವಡೆಗೆ ಇನ್ಯಾರದೋ ಕೆಳಗಿನ ದವಡೆ ಜೋಡಿಸಿ ಕಳಿಸಿ ಬೈಸಿಕೊಂಡಳು. ಬೈಗಳೂ ಅವಳಿಗೆ ತಾಕಲಿಲ್ಲ. ತಟ್ಟೆಯ ಮುಂದೆ ಕೂತರೆ ಎರಡು ತುತ್ತು, ಅಷ್ಟಕ್ಕೇ ಎದ್ದುಬಿಡುತ್ತಿದ್ದಳು.

'ಗಂಡ ಹೋದಾಗ ಅತ್ತಳು. ಈಗ ಅಳ್ತಾನೂ ಇಲ್ಲವಲ್ಲ,' ಅಂದುಕೊಂಡಳು ಅತ್ತೆ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಎಷ್ಟು ದಿನ ಸೆರಗು ಮುಚ್ಚಿಕೊಳ್ಳಲು ಸಾಧ್ಯ? ಒಂದು ಮಧ್ಯಾಹ್ನ ನೋಯುವ ಮಂಡಿಗಳನ್ನು ಎಳೆದುಕೊಂಡು, ಗೋಡೆ ಹಿಡಿದುಕೊಂಡು, ಆ ನೆಲಮಾಳಿಗೆಯ ಅಂಗಡಿಗೆ ಇಳಿದಳು.

ಬಾಗಿಲು ಅರ್ಧ ಎಳೆದಿತ್ತು. ಒಳಗೆ ಗಿರಾಕಿಗಳ ಕೆಲಸವೆಲ್ಲ ಬದಿಗೆ ಬಿದ್ದಿತ್ತು. ರಿಪೇರಿಯವನು ವೈರು ಸಿಕ್ಕಿಸಿದ ಹಾರ್ಡ್ ಡಿಸ್ಕ್ ಒಂದರ ಮೇಲೆ ಬಗ್ಗಿ ಕೂತಿದ್ದ. ಅವಳ ಮನೆಯ ಹಳೆಯ, ಸತ್ತ ಡಿಸ್ಕು ಅದು. ಗಿರಾಕಿಯನ್ನು ಕೇಳದೆ ಯಾವ ಡಿಸ್ಕನ್ನೂ ಎಸೆಯುವ ಅಭ್ಯಾಸ ಅವನಿಗಿರಲಿಲ್ಲ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ನಿನಗೆ ಗೊತ್ತಿತ್ತು ತಾನೇ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ.

"ಮತ್ತೆ ಯಾಕೋ ಬಾಯಿ ಮುಚ್ಕೊಂಡಿದೀಯ? ಅವಳು ನಿನ್ನ ಹೆಸರೆತ್ತಿದ್ರೆ ಮುಖ ತಿರುಗಿಸ್ತಾಳೆ."

"ನಾನು ಹೋದ್ರೆ ಅವರಿಗೆ ಒಂದು ಅಂಗಡಿ ಹೋದ ಹಾಗೆ ಅಷ್ಟೇ, ಅಮ್ಮ," ಎಂದ. "ನೀವು ಹೋದ್ರೆ ಅವರಿಗೆ ಮನೇನೇ ಇಲ್ಲ."

ಅತ್ತೆ ಅವನನ್ನೇ ನೋಡಿದಳು. ಅವನು ತಲೆ ತಗ್ಗಿಸಿ ಮತ್ತೆ ಡಿಸ್ಕಿನತ್ತ ತಿರುಗಿದ. ಅವಳು ಅವನ ತಲೆಗೂದಲನ್ನು ಒಮ್ಮೆ ಸವರಿ ಎದ್ದಳು.

ಆ ಸಂಜೆ ಸೊಸೆ ಬಾಗಿಲು ತೆರೆದು ಒಳಗೆ ಬಂದಾಗ ಅತ್ತೆ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು.

"ಮಗಳೇ, ಚೀಲ ಕೆಳಗಿಡು. ಅದನ್ನ ಅಳಿಸಿದ್ದು ಅವನಲ್ಲ. ನಾನು."

ಚೀಲ ತಾನಾಗಿಯೇ ಕೆಳಗೆ ಬಿತ್ತು.

"ಅವನ ಹೆಸರಿನ ಪಕ್ಕ ಕಸದ ಬುಟ್ಟಿ ಚಿತ್ರ ಇತ್ತಲ್ಲ, ಅದನ್ನ ಒತ್ತಿದೆ. ಖಂಡಿತಾನಾ ಅಂತ ಕೇಳ್ತು. ಹೌದು ಅಂದೆ. ಹೆತ್ತ ಮಗನನ್ನ ಒಂದು ಸಲ ಎಲ್ರೂ ಸೇರಿ ಕಳಿಸಿಕೊಟ್ವಿ. ಇನ್ನೊಂದು ಸಲ ನಾನೊಬ್ಬಳೇ, ನನ್ನ ಕೈಯಾರೆ ಕಳಿಸಿದೆ."

ಸೊಸೆ ಗೋಡೆಗೆ ಒರಗಿದಳು. ಅವಳ ಕಣ್ಣಲ್ಲಿ ಮೊದಲು ಮೂಡಿದ್ದು ಕನಿಕರವಲ್ಲ, ದ್ವೇಷ. ಸುಳ್ಳು ಯಾಕೆ ಹೇಳಬೇಕು, ಶುದ್ಧ ದ್ವೇಷ. ಬಾಗಿಲು ದಡಾರನೆ ಎಳೆದುಕೊಂಡು ಹೊರಗೆ ಹೋದಳು. ಬೀದಿ ದಾಟಿದಳು, ಸೇತುವೆಯವರೆಗೆ ನಡೆದಳು, ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಳು. 'ಹಾಳಾಗಿ ಹೋಗಲಿ ಎಲ್ಲ...' ಆಮೇಲೆ, ಮಂಡಿ ನೋವಿನ ಮಾತ್ರೆಯನ್ನು ತಾನು ಎತ್ತಿಕೊಡದಿದ್ದರೆ ಅತ್ತೆ ನುಂಗುವುದಿಲ್ಲ ಎಂಬುದು ನೆನಪಾಯಿತು. ಸಿಟ್ಟಿನಲ್ಲೇ ತಿರುಗಿ ಮನೆಗೆ ನಡೆದಳು.

ಅತ್ತೆ ಅದೇ ಕುರ್ಚಿಯಲ್ಲಿದ್ದಳು. ದೀಪವನ್ನೂ ಹಾಕಿರಲಿಲ್ಲ.

"ಯಾಕತ್ತೆ?" ಸೊಸೆ ಅವಳ ಕಾಲ ಬಳಿ ನೆಲದ ಮೇಲೆ ಕೂತಳು. "ನಾನು ಅದನ್ನ ದಿನಾ ನಿಮಗೋಸ್ಕರ ಹಚ್ತಿದ್ದೆ. ನೀವು ಕೋಳಿ ಬೈಯೋದನ್ನ ಕೇಳಿದ್ರೆ ನೀವು ಇನ್ನೂ ಬದುಕಿದೀರಿ ಅನ್ನಿಸ್ತಿತ್ತು."

ಅತ್ತೆ ಸೊಸೆಯ ಗಲ್ಲ ಹಿಡಿದು ಮುಖ ಎತ್ತಿದಳು.

"ಅಯ್ಯೋ ಹುಚ್ಚಿ... ನಾನು ಬೈತಿದ್ದದ್ದು ನಿನಗೋಸ್ಕರ. ಅವನ ಮುಖ ಅಲ್ಲಿ ನೋಡಿದಾಗೆಲ್ಲ ನನ್ನ ಕರುಳು ಕಿತ್ತು ಬರ್ತಿತ್ತು. ನೀನು ಕೂತಿದ್ದೆ, ನಾನೂ ಕೂತೆ."

ಇಬ್ಬರೂ ಒಬ್ಬರ ಸಲುವಾಗಿ ಒಬ್ಬರು ಇಷ್ಟು ಸಂಜೆಗಳನ್ನು ಸುಟ್ಟಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಇಬ್ಬರಿಗೂ ಕಾಲವೇ ನಿಂತುಹೋಗಿತ್ತು. ಸೊಸೆ ಅತ್ತೆಯ ಮಡಿಲಿಗೆ ತಲೆಯಿಟ್ಟು, ಅಷ್ಟು ದಿನ ಬಾರದ ಅಳುವನ್ನೆಲ್ಲ ಅತ್ತಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅತ್ತೆಯೂ ಕೇಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಸೊಸೆ ಎದ್ದು, ನೀರು ತಂದು, ಮಾತ್ರೆ ಕೊಟ್ಟಳು.

ನುಂಗುವ ಮುಂಚೆ ಅತ್ತೆ, ಆ ಸ್ಕ್ರೂ ಸರಿಯಾಗಿ ಊಟ ಮಾಡಿದ ಹಾಗೆ ಕಾಣಲಿಲ್ಲ ಎಂದಳು, ಗೋಡೆ ನೋಡುತ್ತ.

ಮರುದಿನ ಕೆಲಸಕ್ಕೆ ಹೋಗುವ ಮೊದಲೇ ಸೊಸೆ ಅಂಗಡಿಯ ಮೆಟ್ಟಿಲಿಳಿದಳು. ಅವನು ಎದ್ದು ನಿಂತ. ಒಂದು ಫೈಲು ಸಿಕ್ಕಿದೆ, ಆದರೆ ಪೂರ್ತಿ ಅದೇ ಅಲ್ಲ, ಆಸೆ ಇಟ್ಟುಕೊಳ್ಳಬೇಡಿ ಎಂದ. ಹೊಸ ದಿನ ಸೇವ್ ಆದಾಗಲೆಲ್ಲ ಆಟವು ಅದರ ಹಿಂದಿನ ದಿನದ ಫೈಲನ್ನು ಪಕ್ಕಕ್ಕೆ ಎತ್ತಿಡುತ್ತದಂತೆ. ಸತ್ತ ಡಿಸ್ಕಿನ ಇನ್ನೊಂದು ಮೂಲೆಯಲ್ಲಿ ಅದು ಇನ್ನೂ ಓದಲು ಬಂದಿತ್ತು. ಕೊನೆಯ ದಿನದ್ದು ಮಾತ್ರ ಹೋಯಿತು, ಅದು ಇನ್ನು ಯಾರಿಂದಲೂ ಬರುವುದಿಲ್ಲ.

ಅವಳು ತಲೆಯಾಡಿಸಿದಳು. ತಾಳಿಕೊಳ್ಳಲಾಗದು ಅಂದುಕೊಂಡಿದ್ದ ಮಾತು ಅದು. ಕೇಳಿದ ಮೇಲೂ ಕಾಲುಗಳು ನೆಲದ ಮೇಲೇ ಇದ್ದವು.

"ನಿಮ್ಮನ್ನ ಲಾರಿಯವನು ಅಂದುಬಿಟ್ಟೆ," ಎಂದಳು.

"ತಪ್ಪೇನಿಲ್ಲ. ಬ್ಯಾಕಪ್ ಅಂತ ಹೇಳಿ ನಿಮಗೆ ಕನ್ನಡಿ ಕೊಟ್ಟಿದ್ದೆ. ಕನ್ನಡೀಲಿ ಕಾಣೋದು ಎದುರಿಗಿರೋ ತನಕ ಮಾತ್ರ. ನನಗೆ ಗೊತ್ತಿತ್ತು. ಆದ್ರೂ ಹಾಗೆ ಮಾಡಿದೆ."

"ಯಾಕೆ?"

ಅವನು ಹಸಿರು ಚುಕ್ಕೆಯ ವಿಷಯ ಹೇಳಿದ. ಒಂದೊಂದು ಪದವನ್ನೂ ಹಲ್ಲು ಕೀಳಿಸಿಕೊಂಡವನ ಹಾಗೆ ಹೇಳಿದ. ಅವಳು ಕೇಳಿ ಮುಗಿಸಿ, ಹೇಳಿದ್ದರೆ ನಾನೇ ಫೋನು ಮಾಡುತ್ತಿದ್ದೆನಲ್ಲ ಎಂದಳು.

ಆ ಸಂಜೆ ಅವನು ಫೈಲು ತಂದು ಹಾಕಿದ. ಜೋಡಣೆಯನ್ನೆಲ್ಲ ಕಿತ್ತ. ಬೇರೆ ಬೇರೆ ಪ್ರತಿ ಮಾಡಿ, ಒಂದನ್ನು ಅತ್ತೆಯ ಬೀರುವಿನಲ್ಲಿ ಇಡಿಸಿದ. ಇನ್ನು ತಾನು ಇಲ್ಲಿರಬಾರದೆಂದು ಬಾಗಿಲ ಆಚೆ ಮೆಟ್ಟಿಲಿನ ಮೇಲೆ ಹೋಗಿ ಕೂತ.

ಟೋಪಿಯವನು ಮಂಚದಿಂದ ಎದ್ದ. ಕೆರೆಯಿತ್ತು, ಬೇಲಿಯಿತ್ತು, ದಪ್ಪ ಕೋಳಿಯೂ ಇತ್ತು. ಹೊಲಕ್ಕೆ ಹೋದರೆ ಉತ್ತ ಮಣ್ಣು ಬರಿದಾಗಿತ್ತು. ಬೀಜವೆಲ್ಲ ಇನ್ನೂ ಅವನ ಚೀಲದಲ್ಲೇ ಇತ್ತು. ಇದು ಬಿತ್ತುವುದಕ್ಕೆ ಮುಂಚಿನ ಬೆಳಗು.

ಸೊಸೆಯ ಕೈ ಕೀಬೋರ್ಡಿನ ಗುಂಡಿಯ ಮೇಲೆಯೇ ನಿಂತಿತು. ಗಂಡನ ಕೊನೆಯ ಕೆಲಸವೇ ಅಳಿಸಿಹೋಗಿತ್ತು.

"ಅವನು ಬಿತ್ತಿದ್ದು ಹೋಯ್ತು," ಅತ್ತೆ ಹೇಳಿದಳು. ದನಿ ಒಡೆದಿತ್ತು. "ಬೀಜ ಇದೆಯಲ್ಲ. ನೀನು ಬಿತ್ತು."

ಅವಳು ಬಿತ್ತಿದಳು. ಸಾಲು ಸಾಲಾಗಿ, ಕಣ್ಣೊರೆಸಿಕೊಳ್ಳುತ್ತ, ಒಂದೊಂದು ಗುಳಿಗೂ ನೀರು ಹಾಕುತ್ತ. ಎರಡು ಸಾಲನ್ನು ಅತ್ತೆಯ ಕೈಯಿಂದ ಹಾಕಿಸಿದಳು. ಅತ್ತೆ ತಪ್ಪಾಗಿ ಬೇಲಿಯ ಮೇಲೆಲ್ಲ ನೀರು ಸುರಿದಳು. ಕೊನೆಗೆ ಟೋಪಿಯವನನ್ನು ಮನೆಗೆ ಕರೆತಂದು, ಮಂಚದ ಹತ್ತಿರ ನಿಲ್ಲಿಸಿದಳು.

"ಹೋಗಿ ಬನ್ನಿ," ಎಂದಳು ಮೆಲ್ಲಗೆ. ಮಲಗಿಸಿದಳು.

ತೆರೆ ಕಪ್ಪಾಯಿತು. ಅಷ್ಟು ಹೊತ್ತೂ ಅತ್ತೆಯ ಕೈ ಅವಳ ಭುಜವನ್ನು ಹಿಡಿದಿತ್ತು. ಮತ್ತೆ ಬೆಳಕಾಯಿತು. ದಿನ ಒಂದು ಮುಂದೆ ಹೋಗಿತ್ತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಯಾರೂ ತಿರುಗಿ ಬರಲಿಲ್ಲ, ಆಕಾಶವೂ ಕಳಚಿ ಬೀಳಲಿಲ್ಲ.

ಅತ್ತೆ ಸೆರಗಿನಿಂದ ಮುಖ ಒತ್ತಿಕೊಂಡು ಒಳಗೆ ಹೋಗಿ ಮಲಗಿದಳು. ಇವತ್ತು ನನ್ನನ್ನು ಮಾತಾಡಿಸಬೇಡ, ಹೊರಗೆ ಕೂತವನನ್ನು ಮಾತಾಡಿಸು ಎಂದಷ್ಟೇ ಹೇಳಿದಳು.

ಮೆಟ್ಟಿಲಿನ ಮೇಲೆ ಅವನು ಗೋಡೆಗೊರಗಿ ಕೂತಿದ್ದ. ಅವಳು ಬಂದು ಪಕ್ಕದಲ್ಲಿ ಕೂತಳು. ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

"ಮಲಗಿಸಿದೆ," ಎಂದಳು.

ಅವನು ಅವಳತ್ತ ತಿರುಗಿ ಕೂತ.

"ನೀವು ನನಗೆ ಬೇಕು. ಆವತ್ತೂ ಬೇಕಿತ್ತು, ಹೇಳೋಕೆ ನಾಚಿಕೆ ಆಯ್ತು. ಈಗ ನಾಚಿಕೆ ಇಲ್ಲ, ಭಯ ಇದೆ. ಒಂದು ಸಂಜೆ ನೀವೂ ಹಾಲು ತರೋಕೆ ಅಂತ ಹೋಗಿ ಬರದೇ ಇದ್ರೆ... ನನ್ನಿಂದ ಇನ್ನೊಂದು ಸಲ ಆಗಲ್ಲ."

ಬೇರೆ ಯಾರಾದರೂ ಆಗಿದ್ದರೆ, ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ಆಣೆ ಇಡುತ್ತಿದ್ದರು. ಇವನು ಸುಳ್ಳು ಹೇಳಲಾರದೆ ಒದ್ದಾಡಿದ.

"ಕೆಡಲ್ಲ ಅಂತ ನಾನು ಯಾವುದಕ್ಕೂ ಮಾತು ಕೊಟ್ಟಿಲ್ಲ," ಎಂದ. "ನನ್ನ ವಿಷಯಕ್ಕೂ ಕೊಡೋಕಾಗಲ್ಲ."

"ಇವತ್ತು?"

"ಇವತ್ತು ಇದೀನಿ."

ಅವಳು ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಈ ಸಲ ಉಗುರು ಊರಲಿಲ್ಲ.

"ಸರಿ, ಒಳಗೆ ಬನ್ನಿ. ನಾನೂ ಊಟ ಮಾಡಿಲ್ಲ."